ಡಾನ್ಸ್ ಬಾರಿನ ಗೆಳತಿ

ನಾನು ಡಾನ್ಸ್ ಬಾರಿನಲ್ಲಿ ಕುಣಿದವಳು. ಅದು ತಪ್ಪೆಂದು ಹೇಳಲು ಇದನ್ನು ಬರೆಯುತ್ತಿಲ್ಲ — ಹೊಟ್ಟೆಗಾಗಿ ಕುಣಿದೆ, ಚೆನ್ನಾಗಿಯೇ ಕುಣಿದೆ. ನನ್ನ ತಪ್ಪು ಬೇರೆ. ಜೊತೆಯಲ್ಲಿ ಕುಣಿದ ರೇಣುಕಾ ಆಸರೆ ಕೇಳಿ ಮನೆ ಬಾಗಿಲಿಗೆ ಬಂದಾಗ, ಆಕೆ ಯಾರೋ ಗೊತ್ತಿಲ್ಲ ಎಂದುಬಿಟ್ಟೆ.

ಟಿಕೋಟಾ ದಾಟಿ ಮಹಾರಾಷ್ಟ್ರದ ಗಡಿಯೊಳಗೆ ಹೋದರೆ ರಸ್ತೆ ಬದಿಗೇ ಇತ್ತು ಆ ಬಾರು. ನಮ್ಮ ಕಾಲದಲ್ಲಿ ಅಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಊರಲ್ಲಿ ಬುದ್ಧಿ ಹೇಳುವ ದೊಡ್ಡವರೆಲ್ಲ ಅಲ್ಲಿ ನೋಟು ತೂರುತ್ತಿದ್ದರು. ನನಗೆ ಹೆಜ್ಜೆ ಕಲಿಸಿದವಳು, ಜ್ವರ ಬಂದಾಗ ಗಂಜಿ ಕುಡಿಸಿದವಳು ರೇಣುಕಾ. ಮನೆಯಲ್ಲಿ ಮಾತ್ರ ಸೊಲ್ಲಾಪುರದ ಚಾದರ ಕಾರ್ಖಾನೆಯಲ್ಲಿದ್ದೇನೆ ಎಂದು ಹೇಳಿದ್ದೆ. ಆ ಸುಳ್ಳಿನ ಮೇಲೆಯೇ ಬಬಲೇಶ್ವರದ ಒಳ್ಳೆಯ ಮನೆತನಕ್ಕೆ ಸೊಸೆಯಾಗಿ ಬಂದೆ.

ಆಮೇಲೆ ಸರ್ಕಾರ ಕುಣಿತ ನಿಲ್ಲಿಸಿತು. ಮಾಲೀಕ ಬಲು ಚಾಲಾಕಿ — ಬೋರ್ಡಿಗೆ ಆರ್ಕೆಸ್ಟ್ರಾ ಎಂದು ಬರೆಸಿ, ಹುಡುಗಿಯರ ಕೈಗೆ ಮೈಕು ಕೊಟ್ಟು ನಿಲ್ಲಿಸಿದ. ಅರ್ಧ ಮೈಕುಗಳಿಗೆ ವೈರೇ ಇರಲಿಲ್ಲವಂತೆ! ರೇಣುಕಾಗೆ ಅದೂ ಸಿಗಲಿಲ್ಲ, ವಯಸ್ಸಾಯಿತೆಂದು ಹೊರಹಾಕಿದರು. ಆಗ ಆಕೆ ಕೈಯಲ್ಲೊಂದು ಚೀಲ ಹಿಡಿದು ನಮ್ಮ ಮನೆಗೆ ಬಂದಳು.

"ಯಾರವ್ವಾ ಈಕಿ?" ಎಂದರು ಅತ್ತೆ.

"ಗೊತ್ತಿಲ್ರಿ ಅತ್ತಿ. ಮನಿ ತಪ್ಪಿ ಬಂದಿರಬೇಕು."

ರೇಣುಕಾ ನನ್ನ ಮುಖ ನೋಡಿದಳು. ಬಾಯಿ ಬಿಟ್ಟಿದ್ದರೆ ನನ್ನ ಸಂಸಾರ ಅಲ್ಲಿಗೇ ಮುಗಿಯುತ್ತಿತ್ತು. ಬಿಡಲಿಲ್ಲ. "ಹೌದ್ರಿ ಯವ್ವಾ, ಮನಿ ತಪ್ಪೇತಿ" ಎಂದು ತಿರುಗಿ ನಡೆದಳು. ಒಂದು ಚೊಂಬು ನೀರು — ಅದನ್ನೂ ನಾನು ಕೊಡಲಿಲ್ಲ.

ಮುಂದೆ ಎಲ್ಲರ ಕೈಗೂ ಮೊಬೈಲು ಬಂತು. ಅದರಲ್ಲೇ ಎಲ್ಲ ಕಾಣುವಾಗ ಗಡಿ ದಾಟಿ ಹೋಗುವವರು ಯಾರು? ಬಾರು ನೊಣ ಹೊಡೆಯುತ್ತ ಕೂತಿತು, ಕೊನೆಗೆ ಬೀಗ ಬಿತ್ತು ಎಂದು ಕೇಳಿದೆ. ನಾನು ದಿನಾ ಇಬ್ರಾಹಿಂಪುರಕ್ಕೆ ಹೋಗಿ ಮಕ್ಕಳಿಗೆ ಡಾನ್ಸ್ ಕಲಿಸುತ್ತ, ಮಾನವಂತಳೆನಿಸಿಕೊಂಡು ಹಾಯಾಗಿದ್ದೆ.

ಹೋದ ವರ್ಷ ಮಗಳು ಬಸುರಿಯಾದಳು. ಕುಬುಸದ ಕಾರ್ಯಕ್ಕೆ, ಅಂದರೆ ಸೀಮಂತಕ್ಕೆ, ಜಾಗ ನೋಡಬೇಕಿತ್ತು. "ಗಡಿ ಆಚಿ ಒಂದ ಹೊಸಾ ಖಾನಾವಳಿ ಆಗೇತಿ, ದೊಡ್ಡ ಹಾಲ್ ಐತಿ. ಎಣ್ಣಿಗಾಯಿ ಭಾಳ ಚಲೋ ಮಾಡ್ತಾರ" ಎಂದು ಅತ್ತೆಯೇ ನನ್ನನ್ನೂ ಮಗಳನ್ನೂ ಕರೆದೊಯ್ದರು. ಇಳಿದು ನೋಡಿದರೆ — ಅದೇ ಬಾರು! ಒಳಗೆ ಹೆಂಗಸರು, ಮಕ್ಕಳು, ಊಟದ ಗದ್ದಲ. ಗಲ್ಲಾಪೆಟ್ಟಿಗೆಯ ಹಿಂದೆ ರೇಣುಕಾ! ಮಾಲೀಕ ಕೈಬಿಟ್ಟ ಕಟ್ಟಡವನ್ನು ತಾನು ಬಾಡಿಗೆಗೆ ಹಿಡಿದು, ರೊಟ್ಟಿ ಬಡಿಯಲು ಹಳೆಯ ಗೆಳತಿಯರನ್ನೇ ಕರೆಸಿಕೊಂಡಿದ್ದಳು.

ನನ್ನನ್ನು ನೋಡಿಯೂ ಗುರುತಿಲ್ಲದವಳಂತೆ "ಬರ್ರಿ, ಕೂಡ್ರಿ" ಎಂದಳು. ಇನ್ನೂ ನನ್ನ ಮಾನ ಕಾಯುತ್ತಿದ್ದಳು! ನನಗೆ ತಡೆಯಲಾಗಲಿಲ್ಲ.

"ಅತ್ತಿ, ಈಕಿ ರೇಣುಕಾ. ಇದು ಬಾರ್ ಇದ್ದಾಗ ನಾವಿಬ್ಬರೂ ಇಲ್ಲೇ ಕುಣೀತಿದ್ವಿ. ಅವತ್ತ ಈಕಿ ಮನಿಗೆ ಬಂದಾಗ ಗೊತ್ತಿಲ್ಲ ಅಂತ ಸುಳ್ಳ ಹೇಳಿದ್ನಿರಿ."

ಅತ್ತೆ ಸೆರಗು ಕೊಡವಿದರು. "ನಡೀರಿ, ಕಾರ್ಯ ಬ್ಯಾರೆ ಕಡೆ ಮಾಡೂಣು."

ಮಗಳು ಕದಲದೆ ಅಜ್ಜಿಗೆ ಹೇಳಿದಳು: "ಇಲ್ಲೇ ಆಗ್ಲಿ, ಆಯಿ. ಮೊದಲನೇ ಉಡಿ ರೇಣುಕಾ ಚಿಗವ್ವಾನ ತುಂಬಲಿ."

ಬಸುರಿಯ ಮೊದಲ ಉಡಿಯನ್ನು ಮುತ್ತೈದೆಯೇ ತುಂಬಬೇಕು. ಮದುವೆಯಿಲ್ಲದೆ ಬಾರಿನಲ್ಲಿ ಕುಣಿದವಳ ಕೈ ಸೋಕುವುದೆಂದರೆ ನಮ್ಮಲ್ಲಿ ಆಗದ ಮಾತು. ಆದರೆ ಮಗಳ ಹಟದ ಮುಂದೆ ಅದೂ ಆಯಿತು! ಕಾರ್ಯದ ದಿನ ರೇಣುಕಾ ನನ್ನ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿದಾಗ ಹಳೆಯ ಗೆಳತಿಯರೆಲ್ಲ ರೊಟ್ಟಿ ಬಿಟ್ಟು ಓಡಿಬಂದು ಸಿಳ್ಳೆ ಹೊಡೆದರು. ಅಷ್ಟು ಸಂತೋಷವನ್ನು ನಾನು ನನ್ನ ಮದುವೆಯಲ್ಲೂ ಕಂಡಿರಲಿಲ್ಲ. ಅತ್ತೆ? ಮುಖ ಗಂಟಿಕ್ಕಿಕೊಂಡೇ ಬಂದಿದ್ದರು. ಎಣ್ಣೆಗಾಯಿ ಮಾತ್ರ ಮತ್ತೆ ಮತ್ತೆ ಹಾಕಿಸಿಕೊಂಡರು.

ಹೊರಡುವಾಗ ರೇಣುಕಾಳ ಕಾಲಿಗೆ ಬೀಳಹೋದೆ. ಹಿಂದೆ ಸರಿದಳು.

"ಮಗಳ ಉಡಿ ತುಂಬೀನಿ. ನಿನಗ ಮಾಫ್ ಮಾಡೀನಿ ಅಂತ ತಿಳೀಬ್ಯಾಡ. ಅವತ್ತ ನಾ ಬಸ್‌ಸ್ಟ್ಯಾಂಡಿನ್ಯಾಗ ಮಲಗೀನಿ."

ಹೌದು. ಅವತ್ತು ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿಯೇ ಇತ್ತು.