ವತ್ಸಲಾ ಮೇಡಂ ಮತ್ತು ಪೀಣ್ಯದ ಗೇಟು

ಆಫೀಸಿನಲ್ಲಿ ಎಲ್ಲರೂ ಹೊಸ ಕಂಪ್ಯೂಟರಿಗಾಗಿ ಜಗಳವಾಡುತ್ತಿದ್ದಾಗ ವತ್ಸಲಾ ಮೇಡಂ ತೀರಾ ಹಳೆಯದನ್ನು ಕೇಳಿ ಪಡೆದರು. ಆನ್ ಮಾಡಿದರೆ ಮಿಕ್ಸಿಯ ಹಾಗೆ ಗೊರಗೊರ ಎನ್ನುತ್ತಿತ್ತು. "ಸ್ಪೀಡ್ ಮಷಿನ್ ನಿಮ್ಮ ತಪ್ಪನ್ನೆಲ್ಲ ಮುಚ್ಚಿಹಾಕತ್ತೆ ಕಣ್ರೋ. ಇದು ಚಾಡಿ ಹೇಳತ್ತೆ" ಎನ್ನುತ್ತಿದ್ದರು. ನಾವು ಬರೆದ ಪ್ರೋಗ್ರಾಂ ಆ ಪೆಟ್ಟಿಗೆಯಲ್ಲಿ ಚುರುಕಾಗಿ ಓಡಿದರೆ ಮಾತ್ರ ಅವರ ಒಪ್ಪಿಗೆ.

ನನ್ನ ನೆನಪಿನಲ್ಲಿ ಅವರು ಎತ್ತರ. ಜೊತೆಗೆ ಕೆಲಸ ಮಾಡುತ್ತಿದ್ದ ಗಿರೀಶ, ಕುಳ್ಳಗಿದ್ದರು ಎನ್ನುತ್ತಾನೆ. ನಾವು ಯಾವಾಗಲೂ ಕುರ್ಚಿಯಲ್ಲಿ ಕೂತೇ ಬೈಸಿಕೊಳ್ಳುತ್ತಿದ್ದೆವು, ಅದಕ್ಕೇ ಇರಬಹುದು.

ಪೀಣ್ಯದ ಒಂದು ಕಾರ್ಖಾನೆಗೆ ನಾವು ಸರಕಿನ ಲಾರಿಗಳಿಗೆ ಗೇಟ್ ಪಾಸ್ ಮುದ್ರಿಸುವ ಪ್ರೋಗ್ರಾಂ ಮಾಡಿದ್ದೆವು. ಪಾಸ್ ತಡವಾಗಿ ಬಂದು ಲಾರಿಗಳು ರಸ್ತೆಯವರೆಗೆ ಸಾಲುಗಟ್ಟತೊಡಗಿದವು. ಸೋಮವಾರದೊಳಗೆ ಸರಿಯಾಗದಿದ್ದರೆ ಕೈಬರಹಕ್ಕೇ ಹಿಂದಿರುಗುತ್ತೇವೆ ಎಂದರು ಮಾಲೀಕರು. ಹಾಗಾದರೆ ನಮ್ಮ ಕಂಪನಿಯವರು ನಮ್ಮ ತಂಡವನ್ನೇ ಮುಚ್ಚುತ್ತಿದ್ದರು. ಗಿರೀಶ ಪ್ರೋಗ್ರಾಮಿನಲ್ಲಿ ಸರಕಿನ ತೂಕದ ಲೆಕ್ಕ ಹಾಕುವ ಭಾಗವನ್ನು ಹೊಸದಾಗಿ, ಜಾಣತನದಿಂದ ಬರೆದ. ಬೆನ್ನು ತಟ್ಟಿದೆವು. ಗೇಟಿನಲ್ಲಿ ಏನೂ ಬದಲಾಗಲಿಲ್ಲ.

ಬೇರೆ ಕಡೆ ಕೆಲಸ ಸಿಕ್ಕಿದ್ದ ಮೇಡಂಗೆ ಆ ದಿನವೇ ನಮ್ಮಲ್ಲಿ ಕೊನೆಯದು. ಗುರುತಿನ ಕಾರ್ಡನ್ನು ಬೆಳಿಗ್ಗೆಯೇ ಒಪ್ಪಿಸಿದ್ದರು. ಸುಮ್ಮನೆ ಹೊರಡಬಹುದಿತ್ತು.

"ಎಲ್ಲಿ ತಡ ಆಗ್ತಿದೆ ಅಂತ ಅಳೆದ್ಯೇನೋ?"

"ಇಲ್ಲ ಮೇಡಂ, ಅಲ್ಲೇ ಇರ್ಬೇಕು ಅನ್ನಿಸ್ತು" ಎಂದ ಗಿರೀಶ.

"ಅನ್ನಿಸ್ತಾ! ನಡಿ."

ನಮ್ಮಿಬ್ಬರನ್ನೂ ಪೀಣ್ಯಕ್ಕೆ ಎಳೆದುಕೊಂಡು ಹೋದರು. ಗೇಟಿನ ಕಂಪ್ಯೂಟರಿನಲ್ಲೇ ಪ್ರೋಗ್ರಾಮಿನ ಒಂದೊಂದು ಹೆಜ್ಜೆಗೆ ಹಿಡಿಯುವ ಸಮಯ ಅಳೆದರು. ತೂಕದ ಲೆಕ್ಕಕ್ಕೆ ಸಮಯವೇ ಹಿಡಿಯುತ್ತಿರಲಿಲ್ಲ. ಲಾರಿಯಲ್ಲಿದ್ದ ಪ್ರತಿಯೊಂದು ಸಾಮಾನಿನ ಹೆಸರಿಗೂ ಪ್ರೋಗ್ರಾಂ ಬೇರೆಬೇರೆಯಾಗಿ ಡೇಟಾಬೇಸಿಗೆ ಹೋಗಿ ಬರುತ್ತಿತ್ತು. ಆಫೀಸಿನಲ್ಲಿ ನಾಲ್ಕೇ ಸಾಮಾನಿಟ್ಟು ಪರೀಕ್ಷಿಸಿದ್ದ ನಮಗೆ ಅದು ಕಂಡಿರಲಿಲ್ಲ. ಮೇಡಂ ಅವರ ಚಾಡಿಕೋರ ಪೆಟ್ಟಿಗೆಗೂ.

"ಹುಳಿಗೆ ತರಕಾರಿ ತಾ ಅಂದ್ರೆ ಒಂದೊಂದು ಬೀನ್ಸಿಗೂ ಒಂದೊಂದ್ಸಲ ಅಂಗಡಿಗೆ ಹೋಗ್ತೀಯೇನೋ?"

ಎಲ್ಲ ಹೆಸರನ್ನೂ ಒಂದೇ ಸಲಕ್ಕೆ ತರುವಂತೆ ಗಿರೀಶನ ಕೈಯಲ್ಲೇ ತಿದ್ದಿಸಿದರು. ತೂಕದ ಲೆಕ್ಕದ ಅವನ ಹೊಸ ಭಾಗವನ್ನು ತೆಗೆಸಿ ಹಳೆಯದನ್ನೇ ಇಡಿಸಿದರು. "ಚೆನ್ನಾಗೇ ಬರ್ದಿದ್ದೀಯ ಕಣೋ. ಯಾರಿಗೂ ಬೇಕಾಗಿರ್ಲಿಲ್ಲ, ಅಷ್ಟೇ."

ಮುಂದಿನ ಪಾಸ್ ಗುಂಡಿ ಒತ್ತುತ್ತಲೇ ಬಂತು. ಆಗಷ್ಟೇ ಟೀ ಹಿಡಿದು ಕೂತಿದ್ದ ಡ್ರೈವರ್ ಗೊಣಗಿದ: "ಏನ್ ಮೇಡಂ, ಟೀ ಕುಡಿಯಾಕೂ ಬಿಡಲ್ವಾ?"

ತಂಡ ಉಳಿಯಿತು. ಮೇಡಂ ಅಲ್ಲಿಂದಲೇ ದಾಸರಹಳ್ಳಿಯ ಮನೆಗೆ ಹೊರಟರು. ಆಮೇಲೆ ನಾನು ಅವರನ್ನು ನೋಡಿಲ್ಲ. ಆಟೋ ಹತ್ತುವಾಗ ತಿರುಗಿ ನಕ್ಕು ಕೈಬೀಸಿದರು ಎಂದು ಬರೆಯುವ ಆಸೆ. ಬೀಸಲಿಲ್ಲ. ಲಾರಿಗಳ ಹಾರ್ನಿನ ನಡುವೆ ತಲೆ ಹೊರಹಾಕಿ ಗಿರೀಶನಿಗೆ ಕೂಗುತ್ತಿದ್ದರು: "ಇಷ್ಟಕ್ಕೇ ಕುಣೀಬೇಡ ಕಣೋ! ತಿಂಗಳ ಕೊನೇಲಿ ಲಾರಿ ಜಾಸ್ತಿ. ಆಗ ಬಂದು ನಿಂತ್ಕೊಂಡು ನೋಡು. ನಾನಿರಲ್ಲ!"