ಮುನ್ನೂರ ಐದರ ನಡುವಿನ ಸೊನ್ನೆ

"ಎಂತ ಬರ್ದಿದ್ದೆ ಇದು? ಮುನ್ನೂರ ಐದು ಹೇಳಿದ್ರೆ ಮೂರು ಸಾವಿರದ ಐದು ಮಾಡಿಟ್ಟಿದ್ಯಲೆ ಮಾರಾಯ್ತಿ."

ಅಕ್ಕನ ಮಗಳು ಸ್ಲೇಟು ತಿರುಗಿಸಿ ನೋಡಿದಳು. 3005. ಮೂರನೇ ಸಲ ಅದೇ.

"ಮುನ್ನೂರು ಬರ್ದೆ, ಪಕ್ಕಕ್ಕೆ ಐದು ಬರ್ದೆ. ಸರಿ ಇದ್ಯಲ ಮಾವ."

ಅವಳು ನಾಲ್ಕನೇ ಕ್ಲಾಸು. ಸೋಮವಾರದೊಳಗೆ ಇದು ಬರದಿದ್ದರೆ ಎರಡನೇ ಕ್ಲಾಸಿನವರ ಜೊತೆ ಕೂರಿಸುತ್ತೇನೆ ಎಂದು ಶಾಲೆಯಲ್ಲಿ ಕಲಿಸುವ ಅಕ್ಕೋರು ಹೇಳಿದ್ದರು. ಹಾಗೆ ಕೂರಿಸಿದರೆ ಶಾಲೆಗೇ ಹೋಗುವುದಿಲ್ಲ ಎಂದು ಇವಳು ಹಟ ಹಿಡಿದು ಕೂತಿದ್ದಳು. ನನ್ನನ್ನೂ ಹಾಗೇ ಕೂರಿಸಿದ್ದರು. ನಾನು ಏಳನೆಗೆ ಶಾಲೆ ಬಿಟ್ಟೆ.

ಈಗ ಹೊನ್ನಾವರದಲ್ಲಿ ತೆಂಗಿನಕಾಯಿ ಎಣಿಸಿ ಲಾರಿಗೆ ತುಂಬುತ್ತೇನೆ. ಕೈಗೊಂದರಂತೆ ಎರಡೆರಡು ಎಸೆಯುವುದು, ಐವತ್ತು ಸಲ ಎಸೆದರೆ ನೂರು. ನೂರಕ್ಕೊಂದು ಕಾಯಿ ಗುರುತಿಗೆ ಬದಿಗೆ.

ಹಾಗೇ ಮೂರು ಕಾಯಿ ಬದಿಗಿಟ್ಟೆ, ಐದು ಮುಂದಿಟ್ಟೆ. "ಬದಿಗಿದ್ದದ್ದು ಒಂದೊಂದೂ ನೂರು. ಇದು ಬಿಡಿ ಕಾಯಿ. ಬರಿ."

35 ಎಂದು ಬರೆದಳು.

"ತಲೆಲಿ ಎಂತ ಉಂಟೆ ನಿಂಗೆ?"

"ನೀನೇ ಇಟ್ಟದ್ದು. ಇಲ್ಲಿ ಮೂರು, ಇಲ್ಲಿ ಐದು."

ಒಳಗಿಂದ ಅಕ್ಕ, "ಏಳನೆಗೆ ಶಾಲೆ ಬಿಟ್ಟ ಮಾಸ್ತರೇ, ಸ್ವಲ್ಪ ಮೆತ್ತಗೆ" ಅಂದಳು.

ಮೈಯೆಲ್ಲ ಉರಿಯಿತು. ಆದರೆ ತಪ್ಪು ನನ್ನದೇ. ನಮ್ಮ ಎಣಿಕೆಯಲ್ಲಿ ಹತ್ತಕ್ಕೆ ಗುರುತೇ ಇಲ್ಲ. ಜೋಡಿಯಿಂದ ನೇರ ನೂರಕ್ಕೆ ಹಾರುತ್ತೇವೆ.

ಇದ್ದಿಲಿನಲ್ಲಿ ನೆಲದ ಮೇಲೆ ಮೂರು ಮನೆ ಎಳೆದೆ. ನೂರು, ಹತ್ತು, ಬಿಡಿ. ಮೂರು ಕಾಯಿ ನೂರರ ಮನೆಗೆ, ಐದು ಬಿಡಿಯ ಮನೆಗೆ. ಮನೆಗೊಂದು ಅಂಕೆ ಬರಿ ಅಂದೆ.

"ನಡುವಿಂದು ಖಾಲಿ. ಖಾಲಿ ಇದ್ದಲ್ಲಿ ಎಂತಕ್ಕೆ ಬರಿಯೂದು?" ಅಂದಳು.

"ಕುಮಟಾ ಬಸ್ಸಿಗೆ ಕಿಟಕಿಯಿಂದ ಟವೆಲ್ ಹಾಕ್ತಾರಲ, ಎಂತಕ್ಕೆ?"

"ಸೀಟು ಹಿಡಿಯೂಕೆ."

"ಆ ಸೀಟಲ್ಲಿ ಜನ ಇದ್ದಾರಾ?"

"ಇಲ್ಲ."

"ಟವೆಲ್ ತೆಗೆದ್ರೆ?"

"ಪಕ್ಕದವ್ರು ಬಂದು ಕೂತ್ಕಂತಾರೆ."

"ಹಾಂಗೇ. ಹತ್ತರ ಸೀಟಿಗೆ ಸೊನ್ನೆ ಹಾಕು. ಹಾಕದಿದ್ರೆ ಮೂರು ಬಂದು ಅಲ್ಲಿ ಕೂತ್ಕಂತದೆ. ಮುನ್ನೂರು ಹೋಗಿ ಮೂವತ್ತಾಗ್ತದೆ."

305 ಬರೆದಳು. ಆತು ಅಂದುಕೊಂಡು ಮುನ್ನೂರ ಐವತ್ತು ಹೇಳಿದೆ. 3050. ಮತ್ತೆ ರೇಗಿದೆ. ಅವಳು ನನ್ನತ್ತ ನೋಡದೆ ನೆಲದ ಮನೆಗಳನ್ನು ಬೆರಳಿಟ್ಟು ಎಣಿಸಿದಳು. "ಸೀಟು ಮೂರೇ ಅಲ" ಎಂದು ತಾನೇ ಮೂರರ ಪಕ್ಕದ ಸೊನ್ನೆ ಒರೆಸಿದಳು.

ಸೋಮವಾರ ಅಕ್ಕೋರು ಆರುನೂರ ಎರಡು ಕೇಳಿದರಂತೆ. ಸರಿ ಬರೆದು ತನ್ನ ಬೆಂಚಿನಲ್ಲೇ ಕೂತಳಂತೆ.

ನನಗೆ ಮಾತ್ರ ಅಂದು ಕೆಳಗಿನ ಕ್ಲಾಸಿನಲ್ಲಿ ಕೂರಿಸಿದ ಸಿಟ್ಟು ಇಳಿದಿಲ್ಲ. ನೆಲದ ಮೇಲೆ ಮೂರು ಮನೆ ಎಳೆದು ತೋರಿಸುವಷ್ಟು ಪುರುಸೊತ್ತು ನನ್ನ ಕಾಲದಲ್ಲಿ ಯಾರಿಗೂ ಇರಲಿಲ್ಲ. ಇಷ್ಟೇ. ಇನ್ನು ಹೇಳಲಿಕ್ಕೆ ಎಂತದೂ ಇಲ್ಲ.