ಹಾಜರಿ ಪ್ರೋಗ್ರಾಂ ಯಾಕೆ ಸಾಯುತ್ತಿತ್ತು

ನನಗೆ ಮರೆವು ಜಾಸ್ತಿ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತೇನೆ, ಕೊಡೆಯನ್ನು ಬಸ್ಸಿನಲ್ಲಿ ಬಿಟ್ಟು ಬರುತ್ತೇನೆ. ಆದರೆ ಯಾರಾದರೂ ನಾಲ್ಕು ಜನರ ಮುಂದೆ ನನ್ನ ಮಾನ ತೆಗೆದರೆ, ಆವತ್ತು ಅವರು ಹಾಕಿಕೊಂಡಿದ್ದ ಶರ್ಟಿನ ಬಣ್ಣವೂ ನೆನಪಿರುತ್ತದೆ. ನಮ್ಮ ಲ್ಯಾಬ್ ಮುಖ್ಯಸ್ಥರದು ತಿಳಿನೀಲಿ. ಜೇಬಿನಲ್ಲಿ ಎರಡು ಪೆನ್ನು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನಾನು ಇನ್‌ಸ್ಟ್ರಕ್ಟರ್. ಡಿಪ್ಲೊಮಾ ಮುಗಿಸಿದ್ದೆ. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಗುಬ್ಬಿಯ ಬಜಾರಿನಲ್ಲಿ ನನ್ನ ತಂದೆ, ಅಬ್ಬಾ, ತಗಡಿನ ಟ್ರಂಕು ಮಾಡುತ್ತಿದ್ದರು. ಮುಖ್ಯಸ್ಥರು ಕುಣಿಗಲ್ ಕಡೆಯವರು, ದೊಡ್ಡ ಓದು ಓದಿದವರು. ಇಡೀ ಕಾಲೇಜಿನ ಹಾಜರಿ ಬರೆದಿಡುವ ಪ್ರೋಗ್ರಾಮನ್ನು ಸ್ವತಃ ಬರೆದಿದ್ದರು. ಹಾಜರಿಯ ಫೈಲನ್ನು ಯಾರು ಬೇಕಾದರೂ ಓದಬಹುದು, ತಿದ್ದುವ ಹಕ್ಕು ಮಾತ್ರ ರೂಟ್‌ಗೆ, ಅಂದರೆ ಆ ಕಂಪ್ಯೂಟರಿನ ಯಜಮಾನನಿಗೆ. ನಮ್ಮಂಥವರು ಹಾಜರಿ ಹಾಕಬೇಕಲ್ಲ, ಅದಕ್ಕೆ ಆ ಪ್ರೋಗ್ರಾಮಿಗೆ ವಿಶೇಷ ಅಧಿಕಾರ ಕೊಟ್ಟಿದ್ದರು. ಓಡಿಸುವವರು ಯಾರೇ ಆಗಲಿ, ಅದು ರೂಟ್‌ನ ಗತ್ತಿನಲ್ಲೇ ಓಡುತ್ತಿತ್ತು.

ಅವರಿಗೆ ಇನ್ನೊಂದು ಹೆಮ್ಮೆಯಿತ್ತು. ವಿದ್ಯಾರ್ಥಿಗಳಿಗೂ ಇನ್‌ಸ್ಟ್ರಕ್ಟರ್‌ಗಳಿಗೂ ಸ್ಟ್ಯಾಕ್ ಮೆಮೊರಿಯನ್ನು ಕತ್ತರಿಸಿ ಇಟ್ಟಿದ್ದರು. ಪ್ರೋಗ್ರಾಂ ತನ್ನ ಅರ್ಧಕ್ಕೆ ನಿಂತ ಕೆಲಸಗಳನ್ನು ಒಂದರ ಮೇಲೊಂದು ಪೇರಿಸಿಟ್ಟುಕೊಳ್ಳುವ ಜಾಗವೇ ಸ್ಟ್ಯಾಕ್. ಪೇರಿಕೆ ಮಿತಿ ದಾಟಿದರೆ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಡಲಲ್ಲಿ ಕೂತು ಯಾರಿಗೆಷ್ಟು ಎಂದು ಹಂಚುವ ಭಾಗ, ಪ್ರೋಗ್ರಾಮನ್ನು ಅಲ್ಲೇ ಕೊಂದುಬಿಡುತ್ತದೆ. "ಡಿಪ್ಲೊಮಾದೋರಿಗೆ ಇಷ್ಟು ಸಾಕು ಬಿಡಿ" ಎಂದು ನನ್ನ ಎದುರಿಗೇ ನಕ್ಕಿದ್ದರು.

ಸೆಮಿಸ್ಟರಿನ ಕೊನೆಯಲ್ಲಿ ಒಂದು ದಿನ ನನ್ನ ಲಾಗಿನ್‌ನಿಂದ ಹಾಜರಿ ಹಾಕುತ್ತಿದ್ದೆ. ಪ್ರೋಗ್ರಾಂ ಇದ್ದಕ್ಕಿದ್ದಂತೆ ಸತ್ತಿತು. ತೆರೆಯ ಮೇಲೆ 'ಸೆಗ್ಮೆಂಟೇಶನ್ ಫಾಲ್ಟ್' ಎಂಬ ಎರಡು ಪದ ಬಿಟ್ಟರೆ ಮತ್ತೇನಿಲ್ಲ. ಫೈಲ್ ತೆರೆದು ನೋಡಿದರೆ ಖಾಲಿ. ಇಡೀ ಕಾಲೇಜಿನ ಹಾಜರಿ ಹೋಗಿತ್ತು.

ಅವರು ಬಂದರು. ಎರಡು ಬ್ಯಾಚಿನ ಮಕ್ಕಳು ನಿಂತು ನೋಡುತ್ತಿದ್ದರು.

"ಏನಮ್ಮಾ ಡಿಲೀಟ್ ಮಾಡಿದ್ದು?"

"ನಾನೇನೂ ಮಾಡ್ಲಿಲ್ಲ ಸಾರ್. ಪ್ರೋಗ್ರಾಮೇ ಸತ್ತೋಯ್ತು. ಅದರಲ್ಲೇ ಏನೋ ತಪ್ಪಿದೆ."

"ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ" ಎಂದರು. ಮಕ್ಕಳು ನಕ್ಕರು. ಆಮೇಲೆ ಕೊಠಡಿಗೆ ಕರೆಸಿ, ಎದುರಿಗೆ ನಿಲ್ಲಿಸಿ, ತಾವೇ ಹೇಳಿ ನನ್ನ ಕೈಯಲ್ಲಿ ಬರೆಸಿದರು: 'ನನ್ನ ಅಜಾಗರೂಕತೆಯಿಂದ ಹಾಜರಿ ನಾಶವಾಗಿದೆ, ಕ್ಷಮಿಸಬೇಕು.' ಆ ಪತ್ರ ಆಫೀಸಿನಲ್ಲಿ ನನ್ನ ಫೈಲಿಗೆ ಸೇರಿತು. ಮುಂದೆ ಎಲ್ಲಿ ಕೆಲಸ ಕೇಳಿದರೂ ನನಗಿಂತ ಮೊದಲು ಅದು ಹೋಗಿ ಕೂರುತ್ತಿತ್ತು. ನನಗೆ ಆ ಪತ್ರ ವಾಪಸ್ ಬೇಕಿತ್ತು. ಬರೀ ಪತ್ರವಲ್ಲ, ಅವರ ಮುಖ ಇಳಿಯುವುದನ್ನೂ ನೋಡಬೇಕಿತ್ತು.

ಮೂರು ವಾರ ಕಾಗದದ ರಿಜಿಸ್ಟರುಗಳನ್ನು ನೋಡಿ ಎಲ್ಲವನ್ನೂ ಮತ್ತೆ ಟೈಪ್ ಮಾಡಿಕೊಟ್ಟೆ. ಅವರೇ ರೂಟ್ ಆಗಿ ಕೂತು ಸೇರಿಸಿದರು. ಪ್ರೋಗ್ರಾಂ ಸಲೀಸಾಗಿ ಓಡಿತು. "ನೋಡ್ದೇನಮ್ಮಾ?" ಎಂದರು. ನೋಡಿದೆ. ಅವರ ಕೈಯಲ್ಲಿ ಓಡುವುದು ನನ್ನ ಕೈಯಲ್ಲಿ ಯಾಕೆ ಸಾಯುತ್ತದೆ ಎಂಬ ಪ್ರಶ್ನೆ ಹುಟ್ಟಿದ್ದು ಆಗಲೇ.

ಪ್ರೋಗ್ರಾಮಿನ ಪ್ರಿಂಟ್‌ಔಟ್ ಲ್ಯಾಬಿನ ಬೀರುವಿನಲ್ಲಿತ್ತು. ಊಟದ ಬಿಡುವಿನಲ್ಲಿ ಒಂದು ಕೈಯಲ್ಲಿ ಚಪಾತಿ ಸುರುಳಿ ಹಿಡಿದು ಓದಿದೆ. ಪುಣ್ಯಾತ್ಮರು ಹಳೆಯ ಫೈಲನ್ನು ಓದಿಕೊಂಡು, ಮೊದಲು ಅದನ್ನು ಖಾಲಿ ಮಾಡಿ, ಆಮೇಲೆ ಇಡೀ ಹಾಜರಿಯನ್ನು ಸ್ಟ್ಯಾಕಿನ ಮೇಲೆ ಪೇರಿಸಿ ಜೋಡಿಸುತ್ತಿದ್ದರು. ಅದನ್ನೇ ಟೈಪ್ ಮಾಡಿ, ಯಾವ ಮಿತಿಯೂ ಹಾಕಿರದ ಮೂಲೆಯ ಕಂಪ್ಯೂಟರಿನಲ್ಲಿ ಹಾಜರಿಯ ನಕಲಿನ ಮೇಲೆ ಓಡಿಸಿದೆ, ಓಡಿತು. ನನ್ನ ಲಾಗಿನ್‌ಗೆ ಇದ್ದ ಮಿತಿಯನ್ನು ಅಲ್ಲೂ ಹಾಕಿದೆ, ಸತ್ತಿತು. ಮ್ಯಾನುಯಲ್‌ನಲ್ಲಿ ಕಾರಣ ಸಿಕ್ಕಿತು. ಪ್ರೋಗ್ರಾಮಿಗೆ ರೂಟ್‌ನ ಅಧಿಕಾರ ಸಿಕ್ಕರೂ ಕರ್ನಲ್ ಅದಕ್ಕೆ ಅಳೆದು ಕೊಡುವುದು ಕರೆದವರ ಸ್ಟ್ಯಾಕನ್ನೇ. ಬಡವರ ಮನೆಯಿಂದ ಹೊರಟ ಅಧಿಕಾರಿಗೆ ಬಡವರ ಮನೆಯ ಬುತ್ತಿ. ಸೆಮಿಸ್ಟರಿನ ಕೊನೆಗೆ ಹಾಜರಿ ಬೆಳೆದು ಆ ಬುತ್ತಿ ಸಾಲದಾಗಿತ್ತು. ಎಷ್ಟೋ ವರ್ಷದ ಮೇಲೆ, ಅಧಿಕಾರವಿರುವ ಪ್ರೋಗ್ರಾಮಿಗೆ ಕರೆದವರು ಅತಿಯಾದ ಸ್ಟ್ಯಾಕ್ ಕೊಡದಂತೆ ಕರ್ನಲ್ ಮೇಲಿನಿಂದ ಮಿತಿ ಹಾಕತೊಡಗಿತು ಎಂದು ಓದಿದೆ. ಕೆಳಗಿನ ಬಡತನವನ್ನು ಮಾತ್ರ ಯಾರೂ ಕೇಳಿದಂತಿಲ್ಲ.

ಶುರುವಿನಲ್ಲೇ ತನ್ನ ಮಿತಿಯನ್ನು ತಾನೇ ಏರಿಸಿಕೊಳ್ಳುವಂತೆ ಒಂದು ಸಾಲು ಸೇರಿಸಿದ್ದರೆ ಪ್ರೋಗ್ರಾಂ ಸಾಯುತ್ತಿರಲಿಲ್ಲ. ಹೋಗಿ ಹೇಳಬಹುದಿತ್ತು. ಹೇಳಲಿಲ್ಲ.

ಮರುವಾರ ಹೊರಗಿನಿಂದ ತಪಾಸಣೆ ತಂಡ ಬರುವುದಿತ್ತು. ಅವತ್ತು ಬೆಳಿಗ್ಗೆ ಬಂದವಳೇ ಹಾಜರಿ ಫೈಲನ್ನು ಫ್ಲಾಪಿಗೆ ಕಾಪಿ ಮಾಡಿಕೊಂಡೆ. ಹಗೆ ನನ್ನದು, ಹಾಜರಿ ಮಕ್ಕಳದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಪ್ರಿನ್ಸಿಪಾಲರ ಜೊತೆ ತಂಡ ಲ್ಯಾಬಿಗೆ ಬಂದಾಗ ನಾನು ಬಹಳ ವಿನಯದಿಂದ ಎದ್ದು ನಿಂತೆ. "ಸಾರ್, ಇನ್‌ಸ್ಟ್ರಕ್ಟರ್‌ಗಳೂ ಸುಲಭವಾಗಿ ಬಳಸ್ತಾರೆ ಅಂತ ಗೊತ್ತಾಗ್ಲಿ, ನನ್ನ ಲಾಗಿನ್‌ನಲ್ಲೇ ತೋರ್ಸಿ" ಎಂದೆ. ಮುಖ್ಯಸ್ಥರಿಗೆ ಹಿಡಿಸಿತು. ನನ್ನ ಕುರ್ಚಿಯಲ್ಲಿ ಕೂತು, ತಮ್ಮ ಕೈಯಾರೆ ಎಂಟರ್ ಒತ್ತಿದರು.

ಸೆಗ್ಮೆಂಟೇಶನ್ ಫಾಲ್ಟ್.

ಇನ್ನೊಮ್ಮೆ ಒತ್ತಿದರು. ಫೈಲ್ ಖಾಲಿ ಎಂದಿತು. "ಈ ಟರ್ಮಿನಲ್ಲೇ ಸರಿ ಇಲ್ಲ" ಎಂದು ಗೊಣಗಿದರು. ನನಗೆ ಆದ ಖುಷಿಯನ್ನು ಮುಚ್ಚಿಡುವುದಿಲ್ಲ, ಹಬ್ಬದ ಶಾವಿಗೆ ಪಾಯಸ ಉಂಡಷ್ಟು ಆಯಿತು. ಫ್ಲಾಪಿಯನ್ನು ಪ್ರಿನ್ಸಿಪಾಲರ ಕೈಗೆ ಕೊಟ್ಟು, ಇದರಲ್ಲಿ ಎಲ್ಲ ಇದೆ ಎಂದೆ.

"ಇವ್ರು ಕಾಪಿ ಇಟ್ಕೊಂಡವ್ರೆ, ನೀವ್ಯಾಕ್ರೀ ಇಟ್ಕೊಂಡಿಲ್ಲ?" ಎಂದು ಪ್ರಿನ್ಸಿಪಾಲರು ಅವರನ್ನು ಕೇಳಿದರು. ಹತ್ತು ದಿನದಲ್ಲಿ ಕಾರಣ ಬರೆದುಕೊಡಬೇಕು ಎಂದೂ ಹೇಳಿದರು.

ಎಂಟು ದಿನ ಮುಖ್ಯಸ್ಥರು ಹುಡುಕಿದರು. ನನ್ನ ಲಾಗಿನ್‌ನಲ್ಲಿ ಸಾಯುತ್ತಿತ್ತು, ಅವರದರಲ್ಲಿ ಓಡುತ್ತಿತ್ತು. ಪ್ರೋಗ್ರಾಮಿನಲ್ಲಿ ಹುಡುಕಿದರೇ ಹೊರತು ನನಗೆ ತಾವೇ ಹಾಕಿದ ಮಿತಿಯ ಕಡೆ ತಿರುಗಿಯೂ ನೋಡಲಿಲ್ಲ. ಒಂಬತ್ತನೆಯ ದಿನ ನನ್ನ ಮೇಜಿನ ಹತ್ತಿರ ಬಂದರು.

"ನಿಂಗೆ ಗೊತ್ತು ಕಣಮ್ಮಾ. ಗೊತ್ತಿಲ್ದೆ ಕಾಪಿ ಇಟ್ಕೊಂಡಿರಲ್ಲ ನೀನು."

"ಗೊತ್ತು ಸಾರ್. ನನ್ನ ಪತ್ರ ತಂದ್ಕೊಡಿ, ಹೇಳ್ತೀನಿ."

ಮಾರನೆಯ ದಿನ ತಂದರು. ನಾನು ಕೂತೇ ಇದ್ದೆ, ಅವರು ನಿಂತಿದ್ದರು. ಪತ್ರವನ್ನು ಮಗುಚಿ, ಖಾಲಿ ಬದಿಯನ್ನು ಅವರ ಮುಂದೆ ಸರಿಸಿದೆ. "ಬರೀರಿ ಸಾರ್."

 ಅವರು ಜೇಬಿನ ಎರಡು ಪೆನ್ನಿನಲ್ಲಿ ಒಂದನ್ನು ತೆಗೆದು, ಬಗ್ಗಿ, 'ಕೆಲವು ತಾಂತ್ರಿಕ ಕಾರಣಗಳಿಂದ' ಎಂದು ಶುರು ಮಾಡಿದರು.

"ನನ್ನ ಕೈಲಿ ಬರೆಸಿದ್ದು ಹಾಗಲ್ಲ" ಎಂದೆ.

ಹೊಡೆದು ಹಾಕಿ, 'ನನ್ನ ಅಜಾಗರೂಕತೆಯಿಂದ' ಎಂದು ಬರೆದರು. ಸಹಿ ಮಾಡಿದರು. ಪತ್ರವನ್ನು ಮಡಚಿ ನನ್ನ ಬ್ಯಾಗಿಗೆ ಹಾಕಿಕೊಂಡ ಮೇಲೆಯೇ ನಾನು ಬಾಯಿ ಬಿಟ್ಟದ್ದು.

"ಸ್ಟ್ಯಾಕ್ ಮಿತಿ ಸಾರ್. ನೀವು ನನಗೆ ಹಾಕಿದ್ದು. ಪ್ರೋಗ್ರಾಂ ರೂಟ್ ಆದ್ರೂ ಅದು ಜೊತೇಲೇ ಒಳಗೆ ಹೋಗುತ್ತೆ."

ಅವರಿಗೆ ಕ್ಷಣದಲ್ಲಿ ಅರ್ಥವಾಯಿತು. ದಡ್ಡರೇನಲ್ಲ. ಮುಖ ಇಳಿಯಿತು, ನಾನು ಕಣ್ತುಂಬ ನೋಡಿದೆ.

"ಅವತ್ತೇ ಹೇಳ್ಬಾರ್ದಿತ್ತೇನಮ್ಮಾ, ತಪ್ಪು ಪ್ರೋಗ್ರಾಮಲ್ಲಿದೆ ಅಂತ?"

"ಹೇಳಿದ್ದೆ ಸಾರ್" ಎಂದೆ. "ನೆಲ ಡೊಂಕು ಅಂದ್ರಿ."